ಗೇರ್ ಬಾಕ್ಸ್ ಮುಟ್ಟಿದರೆ ಮುನಿಯೆ?

“ಮುಟ್ಟಬ್ಯಾಡ್ರಿ ಸಾರ್. ಇಷ್ಟು ವರ್ಷ ಯಾರೂ ಮುಟ್ಟಿಲ್ಲ ಅಂದಮ್ಯಾಲೆ ಈಗ್ಯಾಕ? ಹಳೇ ಆಯಿಲ್ ತೆಗೆದು ಹೊಸಾದು ಹಾಕಿದ್ರ ಗೇರೇ ಹಿಡಿಯಂಗಿಲ್ಲ.”

ಹಳೆಯ ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರು ಗ್ಯಾರೇಜಿನಲ್ಲಿ ಒಮ್ಮೆಯಾದರೂ ಕೇಳುವ ಮಾತು ಇದು. ಹೊಸಪೇಟೆಯಲ್ಲಿ ಕೇಳಿದ್ದನ್ನೇ ಹುಬ್ಬಳ್ಳಿಯಲ್ಲೂ ಕೇಳಬಹುದು. ಆಟೊಮ್ಯಾಟಿಕ್ ಗೇರಿನ ತವರಾದ ಅಮೆರಿಕದಲ್ಲೂ ಮೆಕ್ಯಾನಿಕ್ಕುಗಳು ಇದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಹೇಳುವವರು ಮೋಸಗಾರರಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಎಣ್ಣೆ ಬದಲಿಸಿದ ಹದಿನೈದು ದಿನಕ್ಕೆ ಕೆಟ್ಟು ನಿಂತ ಕಾರುಗಳನ್ನು ಅವರು ನಿಜವಾಗಿಯೂ ನೋಡಿರುತ್ತಾರೆ. ಹಾಗಾದರೆ ಹೊಸ ಎಣ್ಣೆಯೇ ವಿಷವೆ?

ಹೊಸಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪ ಪ್ರೌಢಶಾಲೆಯ ಮೇಷ್ಟ್ರು. ಎಡಮೊಣಕಾಲಿನಲ್ಲಿ ನೋವು, ಕ್ಲಚ್ ತುಳಿಯಲಾರರು. ಹೀಗಾಗಿ ಬೆಂಗಳೂರಿನಲ್ಲಿ ಯಾರೋ ಮಾರಿದ ಹದಿನಾಲ್ಕು ವರ್ಷದ ಆಟೊಮ್ಯಾಟಿಕ್ ಕಾರು ಕೊಂಡಿದ್ದಾರೆ. ಮೀಟರಿನಲ್ಲಿ 1,20,000 ಕಿ.ಮೀ. ಸರ್ವಿಸ್ ಪುಸ್ತಕ ಇಲ್ಲ. ಮಗಳು ದ್ವಿತೀಯ ಪಿಯುಸಿ, ವಿಜ್ಞಾನ. ಈಚೆಗೆ ಬೆಳಿಗ್ಗೆ ಕಾರು ಚಾಲೂ ಮಾಡಿ ಲಿವರನ್ನು ‘ಡಿ’ಗೆ ತಂದರೆ ಅದು ಒಂದು ಕ್ಷಣ ಯೋಚಿಸಿ, ಆಮೇಲೆ ‘ಢಬ್’ ಎಂದು ಗೇರು ಹಿಡಿಯುತ್ತದೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಏರಿನಲ್ಲಿ ಒಂದು ಬಗೆಯ ನಡುಕ. ಇನ್ನೆರಡು ತಿಂಗಳಿಗೆ ಮಗಳನ್ನು ಕಾಲೇಜಿಗೆ ಸೇರಿಸಲು ಊರೂರು ಸುತ್ತಬೇಕು. ಗೇರ್ ಬಾಕ್ಸನ್ನು ಪೂರ್ತಿ ಬಿಚ್ಚಿ ರಿಪೇರಿ ಮಾಡಿಸಿದರೆ ಬರುವ ಬಿಲ್ಲು, ಆ ವಯಸ್ಸಿನ ಕಾರಿನ ಬೆಲೆಯ ಹತ್ತಿರಕ್ಕೇ ಬಂದೀತು. ಕೈಯಲ್ಲಿರುವ ಹಣ ಮಗಳ ಮೊದಲ ವರ್ಷದ ಫೀಜಿಗೆಂದು ಎತ್ತಿಟ್ಟದ್ದು. ಮುಟ್ಟಬೇಕೆ, ಬಿಡಬೇಕೆ?

ಉತ್ತರಕ್ಕೆ ಮೊದಲು ಆ ಪೆಟ್ಟಿಗೆಯೊಳಗೆ ಇಣುಕಬೇಕು.

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ ಎಂಬ ಬಾಗಿಲು ಇರುತ್ತದೆ. ಎಡಗಾಲು ಒತ್ತಿದಾಗ ಬಾಗಿಲು ತೆರೆದು ಸಂಬಂಧ ತಪ್ಪುತ್ತದೆ, ಬಿಟ್ಟಾಗ ಮತ್ತೆ ಕೂಡುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಆ ಬಾಗಿಲೂ ಇಲ್ಲ, ಎಡಗಾಲಿಗೆ ಕೆಲಸವೂ ಇಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಇರುವುದು ಎಣ್ಣೆ. ಎಣ್ಣೆ ಬಲವನ್ನು ಸಾಗಿಸುವುದು ಹೇಗೆ ಎಂದು ಹೊಸಪೇಟೆಯ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟಿ.ಬಿ. ಡ್ಯಾಮಿನ ವಿದ್ಯುದಾಗಾರದಲ್ಲಿ ರಭಸದಿಂದ ಬಂದ ನೀರು ಟರ್ಬೈನಿನ ಅಲಗುಗಳಿಗೆ ಬಡಿದು ಅದನ್ನು ತಿರುಗಿಸುತ್ತದೆ. ಕಾರಿನೊಳಗಿನ ಟಾರ್ಕ್ ಕನ್ವರ್ಟರಿನಲ್ಲೂ ನಡೆಯುವುದು ಇದೇ. ಅದು ದೊಡ್ಡ ಉದ್ದಿನವಡೆಯ ಆಕಾರದ, ಸುತ್ತ ಮುಚ್ಚಿದ ಉಕ್ಕಿನ ಡಬ್ಬಿ. ಒಳಗೆ ಎಣ್ಣೆ ತುಂಬಿದೆ. ಅಲಗುಗಳುಳ್ಳ ಎರಡು ಚಕ್ರಗಳು ಎದುರುಬದುರಾಗಿವೆ. ಎಂಜಿನ್ನಿಗೆ ಸೇರಿದ ಚಕ್ರ ಎಣ್ಣೆಯನ್ನು ಎರಚುತ್ತದೆ. ಎದುರಿನದು ಆ ಹೊಡೆತಕ್ಕೆ ತಿರುಗುತ್ತದೆ. ಅದರ ಹೆಸರೂ ಟರ್ಬೈನೇ! ಎರಡರ ನಡುವೆ ಸ್ಟೇಟರ್ ಎಂಬ ಮೂರನೆಯದೊಂದು ಇದೆ. ಬಡಿದು ಹಿಂತಿರುಗುವ ಎಣ್ಣೆಯ ದಿಕ್ಕು ತಿದ್ದಿ ಮತ್ತೆ ಮೊದಲನೆಯ ಚಕ್ರದ ಬೆನ್ನಿಗೆ ತಳ್ಳುವುದು ಅದರ ಕೆಲಸ. ನಿಂತ ಕಾರು ಹೊರಡುವಾಗ ಚಕ್ರಕ್ಕೆ ಹೆಚ್ಚಿನ ತಿರುಚುಬಲ ಸಿಗುವುದು ಈ ಉಪಾಯದಿಂದ.

ಇದನ್ನು ಕಂಡುಹಿಡಿದ ಜರ್ಮನಿಯ ಹೆರ್ಮನ್ ಫೊಟಿಂಗರ್ ಕಾರಿನ ಕನಸು ಕಂಡವರಲ್ಲ. ಹಡಗಿನ ಉಗಿ ಟರ್ಬೈನು ಬಹಳ ವೇಗವಾಗಿ ತಿರುಗುತ್ತದೆ, ನೀರಿನೊಳಗಿನ ಪಂಖಕ್ಕೆ ಅಷ್ಟು ವೇಗ ಬೇಡ. ಎರಡನ್ನೂ ಹೊಂದಿಸುವುದು ಹೇಗೆಂದು ಹಡಗುಕಟ್ಟೆಯಲ್ಲಿ ತಲೆ ಕೆಡಿಸಿಕೊಂಡು, 1905ರಲ್ಲಿ ಪೇಟೆಂಟ್ ಪಡೆದರು. ಜನರಲ್ ಮೋಟರ್ಸ್ ಕಂಪನಿ ‘ಹೈಡ್ರಾ-ಮ್ಯಾಟಿಕ್’ ಎಂಬ ಸ್ವಯಂಚಾಲಿತ ಗೇರನ್ನು ಕಾರಿನಲ್ಲಿಟ್ಟು ಮಾರತೊಡಗಿದ್ದು 1939ರ ಕೊನೆಗೆ. ನಮ್ಮಲ್ಲಿ ಅದು ಬಹುಕಾಲ ಶ್ರೀಮಂತರ ವಿದೇಶಿ ಕಾರುಗಳ ಸೊತ್ತಾಗಿತ್ತು. 1990ರ ದಶಕದಲ್ಲಿ ಮಾರುತಿ ಜೆನ್‌ನ ಆಟೊಮ್ಯಾಟಿಕ್ ಮಾದರಿ ಬಂದಾಗ ಅದೊಂದು ಶೋಕಿ ಎಂದೇ ಜನ ನಕ್ಕರು. 2000ರ ದಶಕದ ನಡುವಿನಲ್ಲಿ ಬೆಂಗಳೂರಿನ ರಸ್ತೆಗೆ ಇಳಿದ ವೋಲ್ವೊ ಸಿಟಿ ಬಸ್ಸುಗಳಲ್ಲಿ ಲಕ್ಷಾಂತರ ಜನ, ತಾವು ಆಟೊಮ್ಯಾಟಿಕ್ ಗೇರಿನ ಗಾಡಿಯಲ್ಲಿ ಕೂತಿದ್ದೇವೆಂದು ಗೊತ್ತಿಲ್ಲದೆಯೇ ಪ್ರಯಾಣ ಮಾಡಿದರು.

ಆದರೆ ಸಂಡೂರಿನ ಗುಡ್ಡಗಳಿಗೆ ಈ ಯಂತ್ರ ಹೊಸದಲ್ಲ. ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಎನ್.ಎಂ.ಡಿ.ಸಿ.ಯ ಕಬ್ಬಿಣದ ಅದಿರಿನ ಗಣಿ ಶುರುವಾದದ್ದು 1977ರಲ್ಲಿ. ಇಂಥ ಯಾಂತ್ರೀಕೃತ ಗಣಿಗಳಲ್ಲಿ ಅದಿರು ಹೊರುವ ದೈತ್ಯ ಡಂಪರುಗಳು ಹೆದ್ದಾರಿಯಲ್ಲಿ ಓಡುವ ಟಿಪ್ಪರುಗಳಂತಲ್ಲ. ಐವತ್ತು ಟನ್ ಅದಿರು ಹೊತ್ತು ಏರು ಹತ್ತುವಾಗ ಕಾಲಿನಿಂದ ಕ್ಲಚ್ ತುಳಿದು ಗೇರು ಬದಲಿಸುತ್ತ ಕೂತರೆ ಡಂಪರು ಹಿಂದಕ್ಕೇ ಉರುಳೀತು. ಆದ್ದರಿಂದ ಅಲ್ಲಿ ಟಾರ್ಕ್ ಕನ್ವರ್ಟರೇ ಗತಿ. ಅಂಥ ಡಂಪರುಗಳನ್ನು ನಮ್ಮ ರಾಜ್ಯದ್ದೇ ಆದ ಬಿ.ಇ.ಎಂ.ಎಲ್. ಮೈಸೂರಿನಲ್ಲಿ ತಯಾರಿಸುತ್ತದೆ. ಗಣಿಯವರು ಕಿಲೋಮೀಟರ್ ಲೆಕ್ಕ ಇಡುವುದಿಲ್ಲ. ಎಂಜಿನ್ ಎಷ್ಟು ಗಂಟೆ ಓಡಿತು ಎಂಬುದನ್ನು ಮೀಟರಿನಲ್ಲಿ ನೋಡಿ, ಇಂತಿಷ್ಟು ಗಂಟೆಗೆ ಇಂಥ ಎಣ್ಣೆ ಎಂದು ಬದಲಿಸುತ್ತಾರೆ. ಎಣ್ಣೆಯ ಮಾದರಿ ತೆಗೆದು ಅದರಲ್ಲಿ ಕಬ್ಬಿಣ ಎಷ್ಟಿದೆ, ತಾಮ್ರ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ನೋಡಿಸುವ ಪದ್ಧತಿಯೂ ಗಣಿಗಾರಿಕೆಯಲ್ಲಿದೆ. ನಮ್ಮ ರಕ್ತಪರೀಕ್ಷೆಯ ಹಾಗೆ. ಹಳೆಯ ಡಂಪರಿನ ಎಣ್ಣೆ ಮುಟ್ಟಬೇಡಿ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಒಂದು ಡಂಪರು ನಿಂತರೆ ಆಗುವ ನಷ್ಟ ಅವರಿಗೆ ಗೊತ್ತು.

ಈ ಎಣ್ಣೆಯ ಕೆಲಸ ವಿಚಿತ್ರವಾದದ್ದು. ಬಲ ಸಾಗಿಸುವುದು ಒಂದಾಯಿತು. ಕನ್ವರ್ಟರಿನ ಹಿಂದೆ ಇರುವ ಗೇರುಗಳನ್ನು ನುಣುಪಾಗಿ ಇಡಬೇಕು. ಹುಟ್ಟಿದ ಶಾಖವನ್ನು ಹೊತ್ತು ರೇಡಿಯೇಟರಿನ ಕಡೆ ಒಯ್ಯಬೇಕು. ಯಾವ ಗೇರು ಯಾವಾಗ ಹಿಡಿಯಬೇಕು ಎಂಬ ಆಜ್ಞೆಯನ್ನು ಸಣ್ಣ ಸಣ್ಣ ಕಾಲುವೆಗಳ ಮೂಲಕ ಒತ್ತಡದ ರೂಪದಲ್ಲಿ ತಲುಪಿಸಬೇಕು. ಕಂಪ್ಯೂಟರು ಬರುವ ಮೊದಲಿನ ಗೇರ್ ಬಾಕ್ಸುಗಳಲ್ಲಿ ಲೆಕ್ಕ ಮಾಡುವ ಬುದ್ಧಿಯೂ ಎಣ್ಣೆಯದೇ ಆಗಿತ್ತು. ಇವೆಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದು. ಗೇರುಗಳನ್ನು ಹಿಡಿದು ಬಿಡುವುದಕ್ಕೆ ಒಳಗೆ ತೆಳ್ಳಗಿನ ಬಿಲ್ಲೆಗಳ ಕ್ಲಚ್ಚುಗಳಿವೆ. ರಟ್ಟಿನಂಥ ವಸ್ತು ಅಂಟಿಸಿದ ಆ ಬಿಲ್ಲೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಹಲ್ಲುಗಳ ನಡುವೆ ಎಣ್ಣೆ ಜಾರಬೇಕು, ಬಿಲ್ಲೆಗಳ ನಡುವೆ ಜಾರಬಾರದು. ಒಂದೇ ಎಣ್ಣೆ, ಎರಡು ಸ್ವಭಾವ! ಘರ್ಷಣೆಯನ್ನು ಹದದಲ್ಲಿಡುವ ರಾಸಾಯನಿಕಗಳನ್ನು ಬೆರೆಸಿ ಇದನ್ನು ಸಾಧಿಸುತ್ತಾರೆ.

ಒಂದು ಕಾಲಕ್ಕೆ ಆ ಹದ ತರುತ್ತಿದ್ದದ್ದು ತಿಮಿಂಗಿಲದ ಎಣ್ಣೆ ಎಂದರೆ ಆಶ್ಚರ್ಯವಾದೀತು. ಸ್ಪರ್ಮ್ ತಿಮಿಂಗಿಲದ ಎಣ್ಣೆ ಬಿಸಿಗೂ ಒತ್ತಡಕ್ಕೂ ಜಗ್ಗದಂಥದು. ಅಮೆರಿಕದ ಗೇರ್ ಎಣ್ಣೆಗಳಲ್ಲಿ ಅದರ ಅಂಶ ಸೇರಿರುತ್ತಿತ್ತು. ಬೇಟೆಯಿಂದ ತಿಮಿಂಗಿಲಗಳು ಅಳಿಯತೊಡಗಿದಾಗ 1970ರ ದಶಕದ ಆರಂಭದಲ್ಲಿ ಆ ದೇಶ ಅದರ ಆಮದನ್ನು ನಿಲ್ಲಿಸಿತು. ರಸಾಯನಶಾಸ್ತ್ರಜ್ಞರು ಕೃತಕ ಪರ್ಯಾಯಗಳ ಬೆನ್ನು ಹತ್ತಿದರು. ಮರುಭೂಮಿಯ ಹೊಹೊಬಾ ಎಂಬ ಗಿಡದ ಬೀಜದ ಎಣ್ಣೆಗೆ ದಿಢೀರ್ ಬೇಡಿಕೆ ಬಂದದ್ದೂ ಆಗಲೇ. ಇಂದಿನ ಕೆಂಪು ಎಣ್ಣೆಯಲ್ಲಿ ತಿಮಿಂಗಿಲವಿಲ್ಲ. ಆ ಕೆಂಪು ಸಹ ಗುಣವಲ್ಲ, ಬರೀ ಬಣ್ಣ. ಕಾರಿನ ಕೆಳಗೆ ತೊಟ್ಟಿಕ್ಕಿದ್ದು ಎಂಜಿನ್ ಆಯಿಲೋ ಗೇರಿನದೋ ಎಂದು ತಿಳಿಯಲೆಂದು ಹಾಕಿದ್ದು.

ಹೀಗೆ ಹದವಾಗಿ ಬೆರೆಸಿದ ಎಣ್ಣೆಗೆ ಮೊದಲ ಶತ್ರು ಶಾಖ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಬರುತ್ತದೆ. ಪರೀಕ್ಷೆಗೆಂದು ಉರು ಹೊಡೆದ ಆ ಸಾಲು ಅಪ್ಪನ ಕಾರಿನೊಳಗೆ ದಿನವೂ ನಡೆಯುತ್ತಿದೆ. ಬಿಸಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಹಳಸುತ್ತದೆ. 90 ಡಿಗ್ರಿಯಲ್ಲಿ ಓಡಬೇಕಾದದ್ದು 110ರಲ್ಲಿ ಓಡಿದರೆ ಆಯುಷ್ಯ ಅರ್ಧದ ಅರ್ಧ, ಎಂದರೆ ಕಾಲು ಭಾಗ. ಕಾರಿನ ಕೈಪಿಡಿಯ ಕೊನೆಯ ಪುಟಗಳಲ್ಲಿ ‘ಕಠಿಣ ಪರಿಸ್ಥಿತಿ’ ಎಂಬ ಸಣ್ಣಕ್ಷರದ ಪಟ್ಟಿ ಇರುತ್ತದೆ. ಹೆಚ್ಚು ಬಿಸಿಲು, ಗುಡ್ಡದ ಏರು, ದೂಳು, ನಿಂತು ನಿಂತು ಸಾಗುವ ಓಡಾಟ, ಇಂಥಲ್ಲಿ ಎಣ್ಣೆಯನ್ನು ಬೇಗ ಬದಲಿಸಿ ಎನ್ನುತ್ತದೆ. ಪಟ್ಟಿ ಬರೆದವರು ಹೊಸಪೇಟೆಗೆ ಬಂದು ಹೋದರೇನೋ ಎಂದು ಅನುಮಾನ ಬರಬೇಕು!

ಸಂಡೂರಿನ ದಾರಿಯ ಕಷ್ಟ ಏರಿನದು. ನಿಧಾನವಾಗಿ, ಭಾರ ಹೊತ್ತು ಏರುವಾಗ ಕನ್ವರ್ಟರಿನ ಎರಡು ಚಕ್ರಗಳ ವೇಗದಲ್ಲಿ ದೊಡ್ಡ ಅಂತರವಿರುತ್ತದೆ. ಆ ಅಂತರವೆಲ್ಲ ಎಣ್ಣೆಯಲ್ಲಿ ಶಾಖವಾಗುತ್ತದೆ. ಹಂಪಿಯ ಕಷ್ಟ ಬೇರೆ. ಅಲ್ಲಿ ಏರಿಲ್ಲ. ಆದರೆ ವಿರೂಪಾಕ್ಷನ ತೇರಿನ ದಿನವೋ ಹಂಪಿ ಉತ್ಸವದ ಸಂಜೆಯೋ ಜನಜಂಗುಳಿಯ ಹಿಂದೆ ಆಮೆನಡಿಗೆಯಲ್ಲಿ ಗಂಟೆಗಟ್ಟಲೆ ತೆವಳಿದರೆ ಫಲ ಒಂದೇ. ಹೆದ್ದಾರಿಯ ವೇಗದಲ್ಲಿ ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಒಂದು ಕೊಂಡಿ ಇದೆ. ತೆವಳುವಾಗ ಅದು ಬಿಗಿಯುವುದೇ ಇಲ್ಲ. ಮೇಲಿನಿಂದ ಏಪ್ರಿಲ್ ತಿಂಗಳ ಬಂಡೆಗಳ ಕಾವು ಬೇರೆ. ಗೆಜ್ಜಲ ಮಂಟಪದಿಂದ ವಿಜಯ ವಿಠ್ಠಲ ದೇವಸ್ಥಾನಕ್ಕೆ ಪ್ರವಾಸಿಗರನ್ನು ಒಯ್ಯುವ ಬ್ಯಾಟರಿ ಬಂಡಿಗಳಿಗೆ ಮಾತ್ರ ಈ ತಾಪತ್ರಯ ಇಲ್ಲ. ಅವುಗಳ ಮೋಟಾರಿಗೆ ಕನ್ವರ್ಟರೇ ಬೇಡ.

ಕಂಪ್ಲಿಯ ಕಡೆ ನೀರಿನ ಕಾಟ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ನಡುವಿನ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತು. ಆಗ ಯಾರೂ ಕಾರು ಇಳಿಸುವುದಿಲ್ಲ. ಅಪಾಯ ಇರುವುದು ಅಷ್ಟು ದೊಡ್ಡದಲ್ಲದ ನೀರಿನಲ್ಲಿ. ಗದ್ದೆ ಬಯಲಿನ ಹಳ್ಳದ ಮೇಲೆ ಮೊಣಕಾಲುದ್ದ ನೀರು ಹರಿಯುವಾಗ ‘ದಾಟಿಬಿಡೋಣ’ ಎಂದು ನುಗ್ಗಿಸುತ್ತಾರೆ. ಗೇರ್ ಬಾಕ್ಸಿಗೆ ಉಸಿರಾಡಲೊಂದು ಸಣ್ಣ ಕೊಳವೆ ಇರುತ್ತದೆ. ಬಿಸಿಯಾದ ಪೆಟ್ಟಿಗೆ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಆ ಕೊಳವೆ ನೀರನ್ನು ಎಳೆದುಕೊಳ್ಳಬಹುದು. ಆಗ ಎಣ್ಣೆ ರೋಸ್ ಮಿಲ್ಕಿನ ಹಾಗೆ ಕಾಣುತ್ತದೆ. ರೇಡಿಯೇಟರು ಒಳಗೇ ಸೋರಿ ಅದರ ನೀರು ಎಣ್ಣೆಗೆ ಬೆರೆತರೂ ಇದೇ ಬಣ್ಣ. ಬಿಲ್ಲೆಗಳ ಅಂಟು ನೀರಿಗೆ ಬಿಡುತ್ತದೆಯಾದ್ದರಿಂದ ರೋಸ್ ಮಿಲ್ಕು ಕಂಡ ದಿನ ಕಾರನ್ನು ಅಲ್ಲೇ ನಿಲ್ಲಿಸುವುದು ಒಳ್ಳೆಯದು.

ಈಗ ಮೇಸ್ತ್ರಿಯ ಮಾತಿಗೆ ಬರಬಹುದು. ಹಳೆಯ ಎಣ್ಣೆ ತೆಗೆದದ್ದರಿಂದ ಗೇರು ಕೆಟ್ಟಿತು ಎನ್ನುವವರು ಎರಡು ಕಾರಣ ಕೊಡುತ್ತಾರೆ. ಒಂದು, ಸವೆದ ಬಿಲ್ಲೆಗಳ ಪುಡಿ ಎಣ್ಣೆಯಲ್ಲಿ ತೇಲುತ್ತ ಮರಳಿನ ಹಾಗೆ ಹಿಡಿತ ಕೊಡುತ್ತಿತ್ತು, ಅದು ಹೋಯಿತು. ಎರಡು, ಹೊಸ ಎಣ್ಣೆಯ ಸೋಪಿನಂಥ ಗುಣದಿಂದ ಮೂಲೆಯ ಕಿಟ್ಟ ಕಿತ್ತು ಬಂದು ಸಣ್ಣ ಕಾಲುವೆಗಳಲ್ಲಿ ಸಿಕ್ಕಿಕೊಂಡಿತು. ಎರಡರಲ್ಲೂ ತುಸು ಸತ್ಯ ಇರಬಹುದು. ಅದರಲ್ಲೂ ಎರಡನೆಯದು, ಮಷಿನ್ ಹಚ್ಚಿ ಒತ್ತಡದಿಂದ ಒಳಗೆಲ್ಲ ತೊಳೆದಾಗ. ಆದರೆ ಮುಖ್ಯ ಕಾರಣ ಬೇರೆ. ಜನ ಗೇರಿನ ಎಣ್ಣೆಯನ್ನು ನೆನೆಯುವುದು ಯಾವಾಗ? ಕಾರು ಏರಿನಲ್ಲಿ ಜಾರತೊಡಗಿದ ಮೇಲೆ. ಎಂಜಿನ್ ಅಬ್ಬರಿಸಿದರೂ ಗಾಡಿ ಮುಂದೆ ಹೋಗದಾದ ಮೇಲೆ. ಅಷ್ಟರಲ್ಲಿ ಬಿಲ್ಲೆಗಳು ಸುಟ್ಟು ಹೋಗಿರುತ್ತವೆ. ಸುಟ್ಟ ಬಿಲ್ಲೆಗೆ ಹೊಸ ಎಣ್ಣೆ ಹೊಸ ಚರ್ಮ ಹೊದಿಸುವುದಿಲ್ಲ. ನಾಟಿ ಮದ್ದು, ಮಂತ್ರ, ತಾಯಿತ ಎಲ್ಲ ಮುಗಿದ ಮೇಲೆ ಕೊನೆಯ ದಿನ ಆಸ್ಪತ್ರೆಗೆ ತಂದ ರೋಗಿ ತೀರಿಕೊಂಡರೆ ಡಾಕ್ಟರರ ಸೂಜಿಯೇ ಕೊಂದಿತು ಎಂದು ಹಳ್ಳಿಗಳಲ್ಲಿ ಹೇಳುತ್ತಿದ್ದುದುಂಟು. ಅದರ ನಂತರ ಆದದ್ದೆಲ್ಲ ಅದರಿಂದಲೇ ಆದದ್ದಲ್ಲ. ಎಣ್ಣೆ ಬದಲಿಸಿ ಮತ್ತೆ ಐದು ವರ್ಷ ಓಡಿದ ಕಾರು ಗ್ಯಾರೇಜಿಗೆ ಬಂದು ವರದಿ ಒಪ್ಪಿಸುವುದೂ ಇಲ್ಲ. ಮೇಸ್ತ್ರಿಯ ಕಣ್ಣಿಗೆ ಬೀಳುವುದು ಕೆಟ್ಟವು ಮಾತ್ರ.

ಇನ್ನು, ಮುಟ್ಟದೆ ಬಿಟ್ಟದ್ದೆಲ್ಲ ಕ್ಷೇಮವೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಹೊಸಪೇಟೆ ಮರೆತಿಲ್ಲ. 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು, 33 ಗೇಟುಗಳು, ಜಲಾಶಯ ಬಹುತೇಕ ತುಂಬಿತ್ತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಸುಮಾರು ಒಂದು ವಾರದಲ್ಲಿ ತಡೆದರು. ಅಷ್ಟರೊಳಗೆ ಹತ್ತಾರು ಟಿಎಂಸಿ ನೀರು ಹೋಗಿಯಾಗಿತ್ತು. ಎರಡನೇ ಬೆಳೆಯ ಚಿಂತೆ ಕಂಪ್ಲಿಯ ಭತ್ತದ ಗದ್ದೆಗಳವರೆಗೂ ಹಬ್ಬಿತು. ಅಣೆಕಟ್ಟಿನ ಚೈನಿಗೂ ಕಾರಿನ ಎಣ್ಣೆಗೂ ಹೋಲಿಕೆ ದೂರದ್ದೇ. ಆದರೆ ಕಬ್ಬಿಣ ತನ್ನ ವಯಸ್ಸನ್ನು ಹೊರಗೆ ತೋರಿಸುವುದಿಲ್ಲ ಎಂಬುದು ಎರಡಕ್ಕೂ ಸಲ್ಲುತ್ತದೆ.

‘ಇದು ಆಜೀವ ಎಣ್ಣೆ, ಬದಲಿಸಬೇಕಾಗಿಲ್ಲ’ ಎಂದು ಕೆಲವು ಕಾರು ಕಂಪನಿಗಳು ಬರೆದುಕೊಡುವುದುಂಟು. ಯಾರ ಜೀವ? ಅಪ್ಪನದೋ, ಕಾರಿನದೋ, ವಾರಂಟಿಯದೋ? ಗೇರ್ ಬಾಕ್ಸುಗಳನ್ನೇ ತಯಾರಿಸಿ ಕಾರು ಕಂಪನಿಗಳಿಗೆ ಮಾರುವ ಜರ್ಮನಿಯ ಝಡ್.ಎಫ್. ಸಂಸ್ಥೆ, ತನ್ನ ಕಾರು ಗೇರ್ ಬಾಕ್ಸುಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಎಣ್ಣೆ ಬದಲಿಸಿ ಎನ್ನುತ್ತದೆ. ಮಾಡಿದವರ ಮಾತು ಮಾರಿದವರ ಮಾತಿಗಿಂತ ಹೆಚ್ಚು ತೂಕದ್ದು ಎಂದುಕೊಳ್ಳಬಹುದು.

ಮೇಷ್ಟ್ರ ಮನೆಗೆ ಮರಳಿದರೆ, ಮೊದಲ ಕೆಲಸ ಕಾರು ಜಾರುತ್ತಿದೆಯೋ ಇಲ್ಲವೋ ನೋಡುವುದು. ಜಾರುತ್ತಿದ್ದು, ಎಣ್ಣೆ ಕಪ್ಪಾಗಿ ಸೀದ ಅನ್ನದಂಥ ವಾಸನೆ ಬರುತ್ತಿದ್ದರೆ, ಮೇಸ್ತ್ರಿ ಹೇಳಿದ್ದು ಸರಿ. ಎಣ್ಣೆಗೆ ಹಾಕುವ ದುಡ್ಡು ದಂಡ. ಇಲ್ಲಿ ಜಾರಿಕೆ ಇಲ್ಲ. ತಡ ಇದೆ, ನಡುಕ ಇದೆ. ಅಳತೆ ಕಡ್ಡಿ ಇರುವ ಕಾರಾದರೆ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಬೇಕು. ಕಂದು ಬಣ್ಣ, ತುಸು ಸುಟ್ಟ ವಾಸನೆ, ಕಣ್ಣಿಗೆ ಕಾಣುವ ಕಣಗಳಿಲ್ಲ. ಅಂದರೆ ಮುಟ್ಟುವುದಕ್ಕೆ ಇನ್ನೂ ಹೊತ್ತು ಮೀರಿಲ್ಲ. ಕಡ್ಡಿ ಒರೆಸುವ ಬಟ್ಟೆ ಶುಭ್ರವಾಗಿರಬೇಕೆಂಬುದು ಈ ಸೀಮೆಯಲ್ಲಿ ಎರಡು ಸಲ ಹೇಳಬೇಕಾದ ಮಾತು. ಪ್ಯಾನಿನ ತಳದಲ್ಲಿ ಗೇರುಗಳು ಸವೆದ ಉಕ್ಕಿನ ಪುಡಿ ಹಿಡಿಯಲು ಆಯಸ್ಕಾಂತ ಇಟ್ಟಿರುತ್ತಾರೆ. ಆದರೆ ಸಂಡೂರಿನ ಕೆಂಪು ದೂಳು ಬಹುಪಾಲು ಹೆಮಟೈಟ್. ಕಬ್ಬಿಣದ ಅದಿರೇ ಆದರೂ ಆಯಸ್ಕಾಂತಕ್ಕೆ ಅಷ್ಟಾಗಿ ಅಂಟದು. ಒಳಗೆ ಹೋದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಎಣ್ಣೆಯ ಜಾತಿ ಇನ್ನೊಂದು ಎಚ್ಚರಿಕೆ. ಎಡಗಾಲಿಗೆ ಕೆಲಸವಿಲ್ಲದ ಕಾರುಗಳೆಲ್ಲ ಒಂದೇ ಬಗೆಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶದಲ್ಲಿ ಮನೆಮಾತಾದ ಎ.ಎಂ.ಟಿ.ಯಲ್ಲಿ ಕನ್ವರ್ಟರೇ ಇಲ್ಲ. ಸಾಮಾನ್ಯ ಗೇರ್ ಬಾಕ್ಸಿನ ಕ್ಲಚ್ಚನ್ನು ಒಂದು ಯಂತ್ರ ಒತ್ತುತ್ತದೆ, ಅಷ್ಟೆ. ಸಿ.ವಿ.ಟಿ.ಯಲ್ಲಿ ಗೇರುಗಳ ಬದಲು ಉಕ್ಕಿನ ಪಟ್ಟಿಯೊಂದು ಎರಡು ರಾಟೆಗಳ ನಡುವೆ ಓಡುತ್ತದೆ. ಪ್ರತಿಯೊಂದಕ್ಕೂ ಅದರದೇ ಎಣ್ಣೆ. ಸಿ.ವಿ.ಟಿ.ಗೆ ಕೆಂಪು ಎಣ್ಣೆ ಹೊಯ್ದರೆ ಪಟ್ಟಿ ಜಾರಿ ರಾಟೆ ಗೀರುತ್ತದೆ. ‘ಎಲ್ಲಾ ಒಂದೇ ರೀ’ ಎನ್ನುವ ಅಂಗಡಿಯಿಂದ ಕೊಳ್ಳದೆ, ಕೈಪಿಡಿಯಲ್ಲಿ ಬರೆದ ಹೆಸರನ್ನು ಅಕ್ಷರ ಅಕ್ಷರ ನೋಡಿ ತರಬೇಕು.

ತಂದದ್ದಾಯಿತು. ಮಗಳು ಲೆಕ್ಕ ಹಿಡಿದು ಕೂತಳು ಎನ್ನಿ. ಗೇರ್ ಬಾಕ್ಸಿನಲ್ಲಿ ಒಟ್ಟು 8 ಲೀಟರ್ ಎಣ್ಣೆ. ಕೆಳಗಿನ ಬೋಲ್ಟು ಬಿಚ್ಚಿದರೆ ಇಳಿಯುವುದು 3 ಲೀಟರ್ ಮಾತ್ರ. ಉಳಿದದ್ದು ಆ ಉದ್ದಿನವಡೆಯೊಳಗೂ ಕಾಲುವೆಗಳೊಳಗೂ ನಿಂತಿರುತ್ತದೆ.

“ಅಪ್ಪಾಜಿ, ಒಮ್ಮೆ ಬದಲಿ ಮಾಡಿದ್ರ ಎಂಟರಾಗ ಐದು ಪಾಲು ಹಳೇದೇ ಉಳೀತದಲ್ರೀ?”

“ಅದಕ್ಕ ಮಷಿನ್ ಹಚ್ಚಿ ಪೂರಾ ತೊಳಿಸಿಬಿಡೋಣೇನವ್ವಾ?”

“ಬ್ಯಾಡ್ರಿ. ಸ್ವಲ್ಪ ಸ್ವಲ್ಪ ಮೂರು ಸಲ ಮಾಡೋಣು.”

ಮಗಳ ಲೆಕ್ಕ ಸರಿ. ಮೊದಲ ಸಲ ಹಳೆಯದು ಎಂಟರಲ್ಲಿ ಐದು ಪಾಲು, ಎಂದರೆ ಶೇಕಡಾ 62.5 ಉಳಿಯುತ್ತದೆ. ನಾಲ್ಕೈದು ನೂರು ಕಿ.ಮೀ. ಓಡಿಸಿ ಚೆನ್ನಾಗಿ ಬೆರೆತ ಮೇಲೆ ಮತ್ತೆ 3 ಲೀಟರ್ ಇಳಿಸಿ ತುಂಬಿದರೆ ಆ ಉಳಿದದ್ದರಲ್ಲಿ ಎಂಟರ ಐದು ಪಾಲು, ಶೇಕಡಾ 39. ಮೂರನೆಯ ಸಲಕ್ಕೆ ಶೇಕಡಾ 24. ನಾಲ್ಕನೆಯ ಸಲ ಮಾಡಿದರೆ 15. ಎಷ್ಟು ಸಲ ಮಾಡಿದರೂ ಸೊನ್ನೆಯಾಗದು. ಗುಣೋತ್ತರ ಶ್ರೇಢಿಯ ಸ್ವಭಾವವೇ ಅದು. ಆದರೆ ಸೊನ್ನೆ ಬೇಕಾಗಿಯೂ ಇಲ್ಲ. ಹೊಸ ಎಣ್ಣೆಯ ಗುಣ ಮುಕ್ಕಾಲು ಪಾಲು ಬಂದರೆ ಸಾಕು. ಕಿಟ್ಟವೇನಾದರೂ ಬಿಡುವುದಿದ್ದರೆ ಮೆಲ್ಲಗೆ ಬಿಟ್ಟು ಪ್ಯಾನಿಗೆ ಇಳಿದು ಫಿಲ್ಟರಿಗೆ ಸಿಗುತ್ತದೆ. ಮೂರನೆಯ ಸಲ ಪ್ಯಾನು ಬಿಚ್ಚಿ ಫಿಲ್ಟರು, ಗ್ಯಾಸ್ಕೆಟ್ ಬದಲಿಸಿ ಆಯಸ್ಕಾಂತ ಒರೆಸಬೇಕು. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ ಇದ್ದರೆ ಚಿಂತೆಯಿಲ್ಲ, ಅದು ವಯಸ್ಸಿನ ಸವೆತ. ಉಗುರಿಗೆ ತಾಗುವ ಉಕ್ಕಿನ ಚೂರುಗಳಿದ್ದರೆ ಮಾತ್ರ ಲೆಕ್ಕ ಬೇರೆ.

ಕೆಲಸ ಮಾಡಬೇಕಾದವರು ಮೇಸ್ತ್ರಿಯೇ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಉತ್ಸಾಹಿ ಹುಡುಗರು ನುಸುಳುವುದು ಬೇಡ. ಜಾಕು ಜಾರಿ ಪ್ರಾಣ ಹೋದದ್ದುಂಟು. ಓಡಿ ಬಂದ ಕಾರಿನ ಎಣ್ಣೆ ಕೈ ಸುಡುತ್ತದೆ. ಹುಡುಗರಿಗೆ ಹಗುರವಲ್ಲದ ಬೇರೆ ಕೆಲಸವಿದೆ: ಇಳಿದ ಎಣ್ಣೆಯನ್ನು ಅಳೆಯುವುದು. ಇಳಿದಷ್ಟೇ ತುಂಬಬೇಕು, ಒಂದು ಲೋಟ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹೆಚ್ಚಾದರೆ ಗೇರುಗಳು ಅದನ್ನು ಮೊಸರು ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತವೆ; ನೊರೆಗೆ ಒತ್ತಡ ನಿಲ್ಲದು. ಎಣ್ಣೆಯ ಮಟ್ಟವನ್ನು ಕೊನೆಗೆ ಎಂಜಿನ್ ಬಿಸಿಯಾಗಿದ್ದಾಗ, ಸಮತಟ್ಟಾದ ಜಾಗದಲ್ಲಿ, ಕೈಪಿಡಿ ಹೇಳಿದ ಕ್ರಮದಲ್ಲೇ ನೋಡಬೇಕು. ಕೆಲವು ಕಾರುಗಳಿಗೆ ಎಂಜಿನ್ ಓಡುತ್ತಿರಬೇಕು, ಕೆಲವಕ್ಕೆ ಆಗಷ್ಟೇ ನಿಲ್ಲಿಸಿರಬೇಕು.

ಇಳಿಸಿದ 9 ಲೀಟರ್ ಹಳೆಯ ಎಣ್ಣೆ ಎಲ್ಲಿಗೆ? ಚರಂಡಿಗೆ ಸುರಿದರೆ ಅದು ಹೊಸಪೇಟೆಯಲ್ಲಿ ಬಸವಣ್ಣ ಕಾಲುವೆಗೋ ರಾಯ ಕಾಲುವೆಗೋ ಸೇರೀತು. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಆ ಕಾಲುವೆಗಳ ನೀರು ಇಂದಿಗೂ ಬಾಳೆ, ಕಬ್ಬು, ಭತ್ತಕ್ಕೆ ಹರಿಯುತ್ತದೆ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತದೆ. ಪರವಾನಗಿ ಇರುವ ಮರುಬಳಕೆದಾರರಿಗೇ ಹೋಗಬೇಕು. ದೊಡ್ಡ ಗ್ಯಾರೇಜುಗಳಲ್ಲಿ ಅದಕ್ಕೆಂದೇ ಡ್ರಮ್ಮು ಇಟ್ಟಿರುತ್ತಾರೆ. ಖಾಲಿ ಕ್ಯಾನಿಗೆ ತುಂಬಿ ಅಲ್ಲಿಗೇ ಕೊಟ್ಟರಾಯಿತು.

ಇಷ್ಟೆಲ್ಲ ಮಾಡಿದ ಮೇಲೆ ಬೆಳಗಿನ ‘ಢಬ್’ ಹೋದೀತೆ? ಹದಗೆಟ್ಟ ಎಣ್ಣೆಯಿಂದ ಬಂದ ನಡುಕವಾದರೆ ಎರಡನೆಯ ಸಲಕ್ಕೇ ಕಡಿಮೆಯಾಗುವ ಸಂಭವ ಹೆಚ್ಚು. ಆಗದಿದ್ದರೆ ಕಾರಣ ಎಂಜಿನ್ ಕೂತ ರಬ್ಬರಿನಲ್ಲೋ, ಒತ್ತಡ ಹಂಚುವ ಕವಾಟದಲ್ಲೋ ಇರಬಹುದು. ಎಣ್ಣೆ ಸ್ವಚ್ಛವಿದ್ದರೆ ಅದನ್ನು ಹುಡುಕುವುದೂ ಸುಲಭ. ಫೀಜಿನ ದುಡ್ಡಿನಿಂದ ತೆಗೆದದ್ದು 9 ಲೀಟರ್ ಎಣ್ಣೆ, ಒಂದು ಫಿಲ್ಟರು, ಮೇಸ್ತ್ರಿಯ ಕೂಲಿ.

ಮೇಷ್ಟ್ರ ಮಗಳು ಪ್ರತಿ ಸಲ ಒಂದೊಂದು ಹನಿಯಂತೆ ಒಂದೇ ಬಿಳಿ ಹಾಳೆಯ ಮೇಲೆ ಮೂರು ಚುಕ್ಕೆ ಇಟ್ಟಿದ್ದಾಳೆ: ಕಾಫಿ ಬಣ್ಣದ್ದು, ಇಟ್ಟಿಗೆ ಬಣ್ಣದ್ದು, ದಾಳಿಂಬೆ ಬಣ್ಣದ್ದು. ಪಕ್ಕದಲ್ಲಿ ತಾರೀಖು, ಮೀಟರಿನ ಅಂಕಿ, ಇಳಿದದ್ದು ಎಷ್ಟು, ತುಂಬಿದ್ದು ಎಷ್ಟು. ಹಾಳೆ ಮಡಚಿ ಕಾರಿನ ಗ್ಲವ್ ಬಾಕ್ಸಿನಲ್ಲಿ ಆರ್.ಸಿ. ಜೊತೆ ಇಟ್ಟಾಗಿದೆ. ಮುಂದಿನ ಚುಕ್ಕೆ 40,000 ಕಿ.ಮೀ. ಆದ ಮೇಲೆ. ಸಂಡೂರಿನ ಏರು, ಹಂಪಿಯ ತೇರು ಹೆಚ್ಚಾದರೆ ಅದಕ್ಕೂ ಮೊದಲೇ.